ನಾನೂ ಒಬ್ಬ ಸೆಂಟರ್

ಜೂನ್ ತಿಂಗಳು ಬಂತೆಂದರೆ ನಮ್ಮ ಮನೆಯಲ್ಲಿ ಹಾಲು ಕಾಯುವ ಮುಂಚೆಯೇ ಜಗಳ ಕಾಯುತ್ತದೆ. ಅಮೆರಿಕದ ಪೂರ್ವ ಕರಾವಳಿಯಲ್ಲಿ ರಾತ್ರಿ ಎಂಟೂವರೆಗೆ ಶುರುವಾಗುವ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಫೈನಲ್ ಮೈಸೂರಿನ ನಮ್ಮ ಹಜಾರಕ್ಕೆ ಬೆಳಗಿನ ಆರಕ್ಕೆ ಬಂದು ತಲುಪುತ್ತದೆ. ಟಿವಿಯ ಈ ಕಡೆ ಕುರ್ಚಿಯಲ್ಲಿ ನಾನು, ನಿವೃತ್ತ ಬ್ಯಾಂಕ್ ಗುಮಾಸ್ತ. ಆ ಕಡೆ ಚಾಪೆಯ ಮೇಲೆ ನನ್ನ ಸೋದರಳಿಯ. ಕೋವಿಡ್ ಕಾಲದಲ್ಲಿ ಮನೆಯಿಂದಲೇ ಕೆಲಸ ಅಂತ ಬೆಂಗಳೂರಿನಿಂದ ಬಂದವನು, ವಾಪಸು ಹೋಗುವ ಮಾತನ್ನು ಇನ್ನೂ ಎತ್ತಿಲ್ಲ. ಅವನದು ಲೆಬ್ರಾನ್ ಜೇಮ್ಸ್ ಪಕ್ಷ. ನನ್ನದು ಮೈಕೆಲ್ ಜೋರ್ಡನ್ ಪಕ್ಷ. ನನ್ನ ಹೆಂಡತಿ ಎರಡೂ ಪಕ್ಷಕ್ಕೆ ಸೇರದೆ ಡೆನ್ವರ್ ತಂಡದ ನಿಕೋಲಾ ಯೋಕಿಚ್‌ನನ್ನು ಮೆಚ್ಚಿಕೊಂಡಿದ್ದಾಳೆ. ಕಾರಣ ಕೇಳಿದರೆ, "ಪಾಪ, ಯಾರೋ ಬಲವಂತವಾಗಿ ಎಬ್ಬಿಸಿ ಕಳಿಸಿದ ಹಾಗಿದಾನೆ" ಅನ್ನುತ್ತಾಳೆ.

ಈ ಜಗಳದಲ್ಲಿ ನನಗೊಂದು ವಿಶೇಷ ಹಕ್ಕಿದೆ. ನಾನೂ ಆಡಿದವನು. 1979ರಲ್ಲಿ ನಮ್ಮ ಕಾಲೇಜು ತಂಡದ ಸೆಂಟರ್ ನಾನೇ. ಪಿಟಿ ಮೇಷ್ಟ್ರು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಐದು ಅಡಿ ಹನ್ನೊಂದು ಅಂಗುಲದ ನನ್ನನ್ನು ನೋಡಿ, "ನೀನು ರಿಂಗ್ ಕೆಳಗೆ ನಿಂತ್ಕೋ" ಅಂದರು. ಏನು ಮಾಡಬೇಕು ಅಂತ ಹೇಳಲಿಲ್ಲ. ನಾನೂ ಕೇಳಲಿಲ್ಲ. ಅಂತರ ಕಾಲೇಜು ಪಂದ್ಯವೊಂದರಲ್ಲಿ ಏಳು ಪಾಯಿಂಟು ಹೊಡೆದೆ. ಅಷ್ಟೂ ಎರಡನೇ ಅರ್ಧದಲ್ಲಿ ಬಂದವು ಅನ್ನುವುದನ್ನು ಗಮನಿಸಬೇಕು. ಒತ್ತಡ ಹೆಚ್ಚಿದಷ್ಟೂ ಅರಳುವ ಆಟಗಾರರು ಇರುತ್ತಾರೆ. ಜೋರ್ಡನ್ ಅಂಥವನು. 1998ರ ಫೈನಲ್‌ನ ಆರನೇ ಪಂದ್ಯದಲ್ಲಿ, ಯೂಟಾದವರ ಊರಿನಲ್ಲೇ, ಇನ್ನು ಐದು ಚಿಲ್ಲರೆ ಸೆಕೆಂಡು ಉಳಿದಿರುವಾಗ ಚೆಂಡು ಹಾಕಿ 87-86ರಲ್ಲಿ ಶಿಕಾಗೊವನ್ನು ಗೆಲ್ಲಿಸಿದ. ಅವನ ಹೆಸರಿನ ಜೊತೆ ನನ್ನ ಹೆಸರನ್ನು ನಾನಾಗಿ ಸೇರಿಸುವುದಿಲ್ಲ, ಆದರೆ ಮಾತು ತಾನಾಗಿಯೇ ಅಲ್ಲಿಗೆ ಬರುತ್ತದೆ.

"ಮಾವ, ಮೊದಲನೇ ಅರ್ಧದಲ್ಲಿ ಏನು ಮಾಡ್ತಿದ್ರಿ?" ಅಂತ ಅಳಿಯ ಕೇಳುತ್ತಾನೆ.

"ಡಿಫೆನ್ಸು ಕಣೋ. ಆಗ ಬ್ಲಾಕ್‌ಗೀಕ್ ಯಾರು ಬರ್ಕೋತಿದ್ರು?"

ಇದು ಉಡಾಫೆಯ ಉತ್ತರವಲ್ಲ, ಇದರ ಹಿಂದೆ ಇತಿಹಾಸವಿದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಜಗಳ.

ನನ್ನ ವಾದ ಬಹಳ ಸರಳ. ಜೋರ್ಡನ್ ಆರು ಸಲ ಫೈನಲ್‌ಗೆ ಹೋದ, ಆರೂ ಸಲ ಗೆದ್ದ, ಆರೂ ಸಲ ಫೈನಲ್‌ನ ಶ್ರೇಷ್ಠ ಆಟಗಾರ ಅನ್ನಿಸಿಕೊಂಡ. ಲೆಬ್ರಾನ್ ಹತ್ತು ಸಲ ಹೋದ, ನಾಲ್ಕು ಸಲ ಗೆದ್ದ. ಇಲ್ಲಿಗೆ ಮಾತು ಮುಗಿಯಬೇಕು. ಮುಗಿಯುವುದಿಲ್ಲ. "ಹಾಗಾದ್ರೆ ಫೈನಲ್‌ಗೆ ಬಂದು ಸೋಲೋದಕ್ಕಿಂತ ಮೊದಲನೇ ಸುತ್ತಲ್ಲೇ ಸೋತು ಮನೆಗೆ ಹೋಗೋದು ಮೇಲಾ, ಮಾವ? ನಿಮ್ಮ ಜೋರ್ಡನ್ ಮೊದಲ ಮೂರು ವರ್ಷ ಒಂದು ಸುತ್ತೂ ದಾಟಿಲ್ಲ" ಅನ್ನುತ್ತಾನೆ. ನಿಜ, ದಾಟಿಲ್ಲ. ಆಮೇಲೆ ಪಾಯಿಂಟಿನ ಲೆಕ್ಕ ತೆಗೆಯುತ್ತಾನೆ. ಕರೀಂ ಅಬ್ದುಲ್ ಜಬ್ಬಾರ್‌ನ 38,387 ಪಾಯಿಂಟುಗಳನ್ನು ಲೆಬ್ರಾನ್ 2023ರ ಫೆಬ್ರುವರಿಯಲ್ಲಿ ದಾಟಿದ, ಮಾರನೇ ವರ್ಷ ನಲವತ್ತು ಸಾವಿರವನ್ನೂ ದಾಟಿದ. ನಾನು ಬ್ಯಾಂಕಿನವನು, ನನಗೂ ದೊಡ್ಡ ಮೊತ್ತ ಕಂಡರೆ ಗೌರವ. ಆದರೆ ಇಪ್ಪತ್ತು ವರ್ಷ ಆರ್‌ಡಿ ಕಟ್ಟಿದರೆ ಯಾರ ಖಾತೆಯಲ್ಲೂ ದುಡ್ಡು ಸೇರುತ್ತದೆ. ಸರಾಸರಿ ನೋಡು, ಜೋರ್ಡನ್‌ದು ಪಂದ್ಯಕ್ಕೆ 30.1, ಅವನಿಗಿಂತ ಮೇಲೆ ಯಾರಿದ್ದಾರೆ ಅಂದೆ. ಆಗ ಅಳಿಯ ನನ್ನ ಹಳ್ಳಕ್ಕೆ ನನ್ನನ್ನೇ ಬೀಳಿಸಿದ.

"ಟ್ರೋಫಿ ಎಣಿಸೋದಾದ್ರೆ ಬಿಲ್ ರಸೆಲ್‌ಗೆ ಯಾಕೆ ಕೈ ಮುಗಿಯಲ್ಲ ನೀವು?"

ಬಾಸ್ಟನ್ ತಂಡದ ಸೆಂಟರ್ ಬಿಲ್ ರಸೆಲ್ ಹದಿಮೂರು ವರ್ಷ ಆಡಿ ಹನ್ನೊಂದು ಸಲ ಚಾಂಪಿಯನ್ ಆದವನು. ಗೆದ್ದವರಿಗೆ ಉಂಗುರ ಕೊಡುವುದು ಅಲ್ಲಿನ ಪದ್ಧತಿ. ಹತ್ತು ಬೆರಳಿಗೆ ಹಾಕಿ ಮುಗಿದ ಮೇಲೂ ಒಂದು ಉಳಿಯುತ್ತದೆ. ನಾನು ಆ ಹೊತ್ತಿಗೆ ಕಾಫಿ ಕುಡಿಯುವುದರಲ್ಲಿ ಮಗ್ನನಾದೆ.

ನಮ್ಮಿಬ್ಬರ ಲೆಕ್ಕಾಚಾರವೂ ಕೆಟ್ಟು ಕೂರುವ ವರ್ಷವೊಂದಿದೆ. 1961-62. ಆ ಸೀಸನ್ನಿನಲ್ಲಿ ವಿಲ್ಟ್ ಚೇಂಬರ್ಲಿನ್ ಎಂಬ ಏಳಡಿ ಮೀರಿದ ಮನುಷ್ಯ ಪಂದ್ಯಕ್ಕೆ ಸರಾಸರಿ 50.4 ಪಾಯಿಂಟು ಹೊಡೆದ. 1962ರ ಮಾರ್ಚ್ 2ರಂದು, ಚಾಕಲೇಟಿಗೆ ಹೆಸರಾದ ಹರ್ಷಿ ಎಂಬ ಊರಿನಲ್ಲಿ, ಒಂದೇ ಪಂದ್ಯದಲ್ಲಿ ನೂರು. ಕಾಗದದ ಮೇಲೆ 100 ಅಂತ ಗೀಚಿ ಅವನ ಕೈಗೆ ಕೊಟ್ಟು ತೆಗೆದ ಫೋಟೊ ನೋಡಿದರೆ, ನಮ್ಮ ಕಡೆ ಗಣಿತದಲ್ಲಿ ನೂರಕ್ಕೆ ನೂರು ತೆಗೆದ ಹುಡುಗನನ್ನು ಪೇಪರಿನವರು ನಿಲ್ಲಿಸಿದ ಹಾಗಿದೆ. ಪಂದ್ಯ ಇರುವುದು 48 ನಿಮಿಷ, ಅವನು ಆಡಿದ್ದು ಸರಾಸರಿ 48.5 ನಿಮಿಷ! ಹೆಚ್ಚುವರಿ ಸಮಯದ ಆಟಗಳೂ ಸೇರಿ ಹಾಗಾಗಿದೆ. ಇಡೀ ಸೀಸನ್ನಿನಲ್ಲಿ ಕೂತದ್ದು ಎಂಟು ನಿಮಿಷ, ಅದೂ ಒಂದು ದಿನ ರೆಫರಿ ಹೊರಗೆ ಕಳಿಸಿದ್ದಕ್ಕೆ. ಇದನ್ನು ಕೇಳಿ ಹೆಂಡತಿ ನನ್ನ ಬ್ಯಾಂಕ್ ದಿನಗಳ ಬಗ್ಗೆ ಏನೋ ಹೇಳಿದಳು, ಟಿವಿ ಸದ್ದಿನಲ್ಲಿ ಕೇಳಿಸಲಿಲ್ಲ.

ಅದೇ ವರ್ಷ ಆಸ್ಕರ್ ರಾಬರ್ಟ್‌ಸನ್ ಪಾಯಿಂಟು, ರಿಬೌಂಡು (ಗುರಿ ತಪ್ಪಿ ವಾಪಸು ಬಂದ ಚೆಂಡು ಹಿಡಿಯುವುದು), ಅಸಿಸ್ಟು (ಪಾಯಿಂಟು ಹೊಡೆಯುವವನಿಗೆ ಚೆಂಡು ಕೊಡುವುದು) ಮೂರರಲ್ಲೂ ಸರಾಸರಿ ಎರಡಂಕಿ ಮುಟ್ಟಿದ. ಆಮೇಲೆ ಐವತ್ತೈದು ವರ್ಷ ಯಾರಿಗೂ ಅದು ಸಾಧ್ಯವಾಗಲಿಲ್ಲ. ಸರಿ, ಆ ಸೀಸನ್ನಿನ ಅತಿ ಶ್ರೇಷ್ಠ ಆಟಗಾರ ಯಾರು? ಐವತ್ತು ಹೊಡೆದವನೂ ಅಲ್ಲ, ಮೂರರಲ್ಲೂ ಎರಡಂಕಿ ಮುಟ್ಟಿದವನೂ ಅಲ್ಲ. ಹತ್ತೊಂಬತ್ತಕ್ಕೂ ಕಡಿಮೆ ಸರಾಸರಿಯ ರಸೆಲ್. ಆಗ ಆ ಪ್ರಶಸ್ತಿಗೆ ಮತ ಹಾಕುತ್ತಿದ್ದವರು ಆಟಗಾರರೇ. ವರ್ಷದ ಉತ್ತಮ ಐವರ ತಂಡಕ್ಕೆ ಮಾತ್ರ ಸೆಂಟರ್ ಆಗಿ ವಿಲ್ಟ್ ಬಂದ, ರಸೆಲ್ ಎರಡನೇ ತಂಡಕ್ಕೆ ಹೋದ. ಅಂದರೆ ಇಡೀ ಲೀಗಿಗೇ ಶ್ರೇಷ್ಠನಾದವನು ತನ್ನ ಜಾಗಕ್ಕೆ ಎರಡನೆಯವನು. ಎದುರಿಗೆ ನಿಂತು ಪೆಟ್ಟು ತಿಂದವರಿಗೆ ಕಂಡದ್ದು ಒಂದು, ಹೊರಗೆ ಕೂತು ನೋಡಿದವರಿಗೆ ಕಂಡದ್ದು ಇನ್ನೊಂದು.

ರಸೆಲ್‌ನ ನಿಜವಾದ ಕಸುಬು ಎದುರಾಳಿಯ ಚೆಂಡು ತಡೆಯುವುದು. ಅವನು ಎಷ್ಟು ಬ್ಲಾಕ್ ಮಾಡಿದ ಅಂತ ಕೇಳಿದರೆ ಅಧಿಕೃತ ಉತ್ತರ ಇಲ್ಲ. ಎನ್‌ಬಿಎ ಬ್ಲಾಕ್ ಮತ್ತು ಸ್ಟೀಲ್‌ಗಳನ್ನು ಬರೆದುಕೊಳ್ಳಲು ಶುರುಮಾಡಿದ್ದೇ 1973-74ರಲ್ಲಿ. ಅಷ್ಟರಲ್ಲಿ ರಸೆಲ್ ಆಟ ಬಿಟ್ಟು ನಾಲ್ಕು ವರ್ಷ ದಾಟಿತ್ತು. ಹಾಗಾಗಿಯೇ ನಾನು ಅಳಿಯನಿಗೆ ಹೇಳಿದ್ದು, ಮೊದಲನೇ ಅರ್ಧದಲ್ಲಿ ನಾನು ರಸೆಲ್, ಎರಡನೇ ಅರ್ಧದಲ್ಲಿ ಜೋರ್ಡನ್ ಅಂತ. ಅಮೆರಿಕದಲ್ಲೇ ಬರೆಯದೆ ಬಿಟ್ಟದ್ದನ್ನು ನಮ್ಮ ಸ್ಕೋರು ಬರೆಯುವ ಹುಡುಗ ಗೆರೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಾನೆಯೆ?

ಬರೆದುಕೊಳ್ಳುತ್ತಾರೆ ಅಂತ ಗೊತ್ತಾದರೆ ಏನಾಗುತ್ತದೆ ಅನ್ನುವುದಕ್ಕೂ ಉದಾಹರಣೆಯಿದೆ. 2003ರ ಮಾರ್ಚ್‌ನಲ್ಲಿ ಕ್ಲೀವ್‌ಲ್ಯಾಂಡ್‌ನ ರಿಕಿ ಡೇವಿಸ್‌ಗೆ ಮೂರೂ ಲೆಕ್ಕದಲ್ಲಿ ಎರಡಂಕಿ ಮುಟ್ಟಲು ಒಂದೇ ಒಂದು ರಿಬೌಂಡ್ ಬಾಕಿ. ಪಂದ್ಯ ಗೆದ್ದಾಗಿದೆ, ಸಮಯ ಮುಗಿಯುತ್ತಿದೆ. ಪುಣ್ಯಾತ್ಮ ತಿರುಗಿ ತನ್ನದೇ ತಂಡ ಕಾಯಬೇಕಾದ ರಿಂಗಿಗೆ ಚೆಂಡೆಸೆದು, ವಾಪಸು ಬಂದದ್ದನ್ನು ತಾನೇ ಹಿಡಿದ. ಎದುರಾಳಿ ಸಿಟ್ಟಿನಿಂದ ಅವನಿಗೆ ಫೌಲ್ ಮಾಡಿದ. ರಿಬೌಂಡ್ ಲೆಕ್ಕಕ್ಕೆ ಸೇರಲಿಲ್ಲ. ಮಾರ್ಚ್ ತಿಂಗಳ ಕೊನೆಯಲ್ಲಿ ಡೆಪಾಸಿಟ್ ಗುರಿ ಮುಟ್ಟಲು ಒಂದು ಖಾತೆಯಿಂದ ತೆಗೆದು ಇನ್ನೊಂದಕ್ಕೆ ಹಾಕುವುದನ್ನು ನೋಡಿದ ನನ್ನಂಥವನಿಗೆ ಡೇವಿಸ್ ಮೇಲೆ ಕೋಪ ಬರುವುದಿಲ್ಲ. ನಮ್ಮವನೇ ಅನ್ನಿಸುತ್ತಾನೆ.

ಇನ್ನು ಪೊಸಿಷನ್ ಸಮಾಚಾರ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಐದು ಜಾಗ, ಒಂದರಿಂದ ಐದರವರೆಗೆ ನಂಬರು. ಚೆಂಡು ತಂದು ಹಂಚುವ ಪಾಯಿಂಟ್ ಗಾರ್ಡ್ ಒಂದು, ರಿಂಗ್ ಕೆಳಗಿನ ಸೆಂಟರ್ ಐದು, ಮಧ್ಯೆ ಉಳಿದವರು. ಹೆಂಡತಿಗೆ ಇದನ್ನು ಮದುವೆ ಊಟದ ಪಂಕ್ತಿಯಿಂದ ವಿವರಿಸಿದೆ. ಯಾವ ಎಲೆಗೆ ಏನು ಬೇಕು ಅಂತ ನೋಡಿ ಕೂಗಿ ಹೇಳುವವನು ಪಾಯಿಂಟ್ ಗಾರ್ಡ್. ಸಾರಿನ ಬಕೆಟ್ ಎತ್ತಿ ನಡೆಯುವ ದಢಿಯ ಸೆಂಟರ್. ತುಪ್ಪದವನು ಸ್ಕೋರರ್, ಎಲ್ಲರೂ ಅವನನ್ನೇ ನೋಡುವುದು. "ಉಪ್ಪು ಬಡಿಸೋನು?" ಅಂದಳು. ಅವನ ಲೆಕ್ಕ ಯಾರೂ ಬರೆಯುವುದಿಲ್ಲ ಅಂದೆ. "ಸರಿ, ಅವನು ಬರ್ದೇ ಇದ್ರೆ ನೋಡಿ ಮಜಾ" ಅಂತ ಒಳಗೆ ಹೋದಳು.

ಜಾಗದ ಹೆಸರನ್ನು ಅತಿಯಾಗಿ ನಂಬಿ ಕೆಟ್ಟವರಲ್ಲಿ ಪೋರ್ಟ್‌ಲ್ಯಾಂಡಿನವರು ಮುಖ್ಯರು. 1984ರಲ್ಲಿ ಹೊಸ ಆಟಗಾರರನ್ನು ಆರಿಸುವಾಗ ಅವರ ಸರದಿ ಎರಡನೆಯದು. ಶೂಟಿಂಗ್ ಗಾರ್ಡ್ ಜಾಗಕ್ಕೆ ಕ್ಲೈಡ್ ಡ್ರೆಕ್ಸ್‌ಲರ್ ಇದ್ದ, ಸೆಂಟರ್ ಬೇಕಾಗಿತ್ತು. ಏಳಡಿಯ ಸ್ಯಾಮ್ ಬೋವಿಯನ್ನು ತೆಗೆದುಕೊಂಡರು. ಮೂರನೇ ಸರದಿಯ ಶಿಕಾಗೊಗೆ ಸಿಕ್ಕವನು ಜೋರ್ಡನ್. ಮನೆಯಲ್ಲಿ ಒಗ್ಗರಣೆ ಸೌಟು ಆಗಲೇ ಒಂದಿದೆ, ಬೇಡ ಅಂತ ಚಿನ್ನದ್ದನ್ನು ಬಿಟ್ಟುಬಂದ ಹಾಗೆ. ಬೋವಿಯನ್ನು ಆಡಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ, ಅವನ ಕಾಲಿನ ಮೂಳೆ ಪದೇ ಪದೇ ಮುರಿದದ್ದು ಅವನ ತಪ್ಪಲ್ಲ.

ಹೆಸರನ್ನು ನಂಬದೆ ಗೆದ್ದವರ ಕಥೆ 1980ರ ಫೈನಲ್‌ನದು. ಲಾಸ್ ಏಂಜಲೀಸ್ ತಂಡದ ಸೆಂಟರ್ ಕರೀಂ ಕಾಲು ಉಳುಕಿ ಊರಲ್ಲೇ ಉಳಿದ. ಫಿಲಡೆಲ್ಫಿಯಾಕ್ಕೆ ಹೋಗುವ ವಿಮಾನದಲ್ಲಿ ಅವನು ಕೂರುತ್ತಿದ್ದ ಸೀಟಿನಲ್ಲಿ ಇಪ್ಪತ್ತು ವರ್ಷದ ಪಾಯಿಂಟ್ ಗಾರ್ಡ್ ಮ್ಯಾಜಿಕ್ ಜಾನ್ಸನ್ ಹೋಗಿ ಕೂತನಂತೆ. ಪಂದ್ಯ ಶುರುವಾಗುವಾಗ ಕರೀಂನ ಜಾಗದಲ್ಲೂ ಅವನೇ ನಿಂತ. 42 ಪಾಯಿಂಟು, 15 ರಿಬೌಂಡು, 7 ಅಸಿಸ್ಟು. ಕಪ್ಪು ಅವರಿಗೆ. ಒಂದನೇ ನಂಬರಿನವನು ಐದನೇ ನಂಬರಿಗೆ ಹೋಗಬಹುದಾದರೆ ಐದನೆಯವನು ಒಂದಕ್ಕೆ ಬರಬಾರದೆ? ನಮ್ಮ ಮನೆಯವಳ ಯೋಕಿಚ್ ಅದನ್ನೇ ಮಾಡುತ್ತಾನೆ. ಆರಡಿ ಹನ್ನೊಂದು ಅಂಗುಲದ ಸೆಂಟರ್, ಆದರೆ ಚೆಂಡು ಹಂಚುವ ಯಜಮಾನಿಕೆ ಅವನದೇ. 2024-25ರಲ್ಲಿ ಪಂದ್ಯಕ್ಕೆ ಸರಾಸರಿ ಹತ್ತಕ್ಕೂ ಹೆಚ್ಚು ಅಸಿಸ್ಟು. ಓಡುವುದನ್ನು ನೋಡಿದರೆ ತರಕಾರಿ ಚೀಲ ಹಿಡಿದು ದೇವರಾಜ ಮಾರ್ಕೆಟ್ಟಿನಿಂದ ಬರುವವನ ಹಾಗೆ ಕಾಣುತ್ತಾನೆ.

ಹೀಗೆ ಎಲ್ಲ ಕಲಸುಮೇಲೋಗರವಾದ ಮೇಲೆ ಪ್ರಶಸ್ತಿ ಕೊಡುವವರೂ ಸೋತರು. 2022ರಲ್ಲಿ ಯೋಕಿಚ್ ಶ್ರೇಷ್ಠ ಆಟಗಾರ, ಎರಡನೇ ಸ್ಥಾನ ಜೋಯಲ್ ಎಂಬೀಡ್‌ಗೆ. ಇಬ್ಬರೂ ಸೆಂಟರ್, ವರ್ಷದ ಉತ್ತಮ ಐವರ ತಂಡದಲ್ಲಿ ಸೆಂಟರಿಗೆ ಒಂದೇ ಜಾಗ. ಹಾಗಾಗಿ ಲೀಗಿಗೆ ಎರಡನೆಯವನು ಉತ್ತಮ ಐವರೊಳಗೆ ಬರಲಿಲ್ಲ. 2023-24ರಿಂದ ಆ ಪಟ್ಟಿಯಲ್ಲಿ ಪೊಸಿಷನ್ ನೋಡುವುದನ್ನೇ ಬಿಟ್ಟಿದ್ದಾರೆ. ನನಗೆ ಇದರಿಂದ ನಷ್ಟ. ಸೆಂಟರ್ ಅನ್ನುವ ಜಾಗವೇ ಹೋದರೆ 1979ರಲ್ಲಿ ನಾನು ಏನಾಗಿದ್ದೆ ಅನ್ನಬೇಕು?

ಅಳಿಯ ಒಂದು ಸಮಾಧಾನ ಹೇಳಿದ. ಬೇರೆ ಬೇರೆ ಕಾಲದವರನ್ನು ಹೋಲಿಸುವಾಗ ಆಯಾ ಕಾಲದ ತೂಕಕ್ಕೆ ತಕ್ಕಂತೆ ಅಂಕಿಗಳನ್ನು ತಿದ್ದಬೇಕಂತೆ. "ಮಾವ, 1891ರ ಡಿಸೆಂಬರ್‌ನಲ್ಲಿ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಪೀಚ್ ಹಣ್ಣಿನ ಬುಟ್ಟಿ ಕಟ್ಟಿ ಮೊದಲನೇ ಆಟ ಆಡಿಸಿದಾಗ ಒಂದೊಂದು ಕಡೆ ಒಂಬತ್ತು ಜನ. ಒಟ್ಟು ಸ್ಕೋರು 1-0. ನಿಮ್ಮ ಏಳು ಪಾಯಿಂಟು ಆ ಕಾಲಕ್ಕೆ ಹಾಕಿದ್ರೆ, ಹದಿನೆಂಟು ಜನ ಸೇರಿ ಮಾಡಿದ್ದರ ಏಳರಷ್ಟು!" ಆ ದಿನ ಅವನಿಗೆ ಎರಡು ದೋಸೆ ಜಾಸ್ತಿ ಹಾಕಿಸಿದೆ.

ಹೋದ ಶ್ರಾವಣದಲ್ಲಿ ಒಂದು ಮದುವೆ. ಊಟದ ಮನೆಯಲ್ಲಿ ಮೂರು ಸಾಲು ಸುತ್ತಿ, ಒಳ್ಳೆಯ ಜಾಗ ನೋಡಿ ಕೂತೆ, ಪಕ್ಕದಲ್ಲಿ ಅಳಿಯ. ಎದುರಿನ ಎಲೆಗೆ ಬಂದು ಕೂತವನು ನಮ್ಮ ಕಾಲೇಜು ತಂಡದ ಸ್ಕೋರು ಬರೆಯುತ್ತಿದ್ದ ಹುಡುಗ. ಈಗ ಹುಡುಗನಲ್ಲ, ಮೊಮ್ಮಗು ಪಕ್ಕದಲ್ಲಿತ್ತು. ನನಗೆ ಹೃದಯ ತುಂಬಿ ಬಂತು. ಕೊನೆಗೂ ಒಬ್ಬ ಸಾಕ್ಷಿ.

"ಇವನಿಗೆ ಹೇಳಪ್ಪ, ಆ ಮ್ಯಾಚಲ್ಲಿ ನಾನು ಎರಡನೇ ಅರ್ಧದಲ್ಲಿ ಏಳು ಪಾಯಿಂಟು ಹೊಡೆದದ್ದು ಹೌದೋ ಅಲ್ವೋ?"

"ಹೌದು, ಏಳೇ" ಅಂದ. ಅಳಿಯನ ಕಡೆ ಗೆದ್ದವನಂತೆ ನೋಡಿದೆ. ಅಷ್ಟಕ್ಕೆ ಬಿಡಬೇಕಿತ್ತು. ಅಳಿಯ ಬಿಡಲಿಲ್ಲ. "ಮೊದಲನೇ ಅರ್ಧದಲ್ಲಿ ಯಾಕೆ ಹೊಡೀಲಿಲ್ಲ ಅಂಕಲ್? ಡಿಫೆನ್ಸ್ ಆಡ್ತಿದ್ರಂತೆ?"

ಅವನು ಕೋಸಂಬರಿ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಹೇಳಿದ. "ನಮ್ಮ ಕೋರ್ಟು ಬಯಲಲ್ಲಿತ್ತು ಕಣಪ್ಪ. ಒಂದು ಕಡೆ ರಿಂಗಿನ ಮೇಲೆ ಹೊಂಗೆ ಮರದ ನೆರಳು. ಮೊದಲನೇ ಅರ್ಧದಲ್ಲಿ ಆ ರಿಂಗು ನಮ್ಮದು, ಕಾಯೋದು. ಇವನು ಅಲ್ಲೇ ನಿಂತಿದ್ದ. ಆಮೇಲೆ ಕಡೆ ಬದಲಾಯ್ತು, ಅದೇ ರಿಂಗು ಎದುರಾಳಿದಾಯ್ತು. ಆಗ್ಲೂ ಅಲ್ಲೇ ನಿಂತಿದ್ದ. ವಾಪಸ್ ಬಾರೋ ಅಂತ ಮೇಷ್ಟ್ರು ಬಾಯಿ ಬಡ್ಕೊಂಡ್ರೂ ಬರ್ಲಿಲ್ಲ. ಒಬ್ನೇ ನಿಂತಿದಾನಲ್ಲ ಅಂತ ಹುಡುಗ್ರು ಇವನಿಗೇ ಚೆಂಡು ಎಸೀತಿದ್ರು."

ನಾನು ಎಲೆಯ ಮೇಲಿನ ಹೋಳಿಗೆಯನ್ನು ಮುರಿಯತೊಡಗಿದೆ. ಅಳಿಯ ಏನೂ ಅನ್ನಲಿಲ್ಲ. ತಲೆಯೆತ್ತಿ, ನಾನು ಮೂರು ಸಾಲು ಸುತ್ತಿ ಹುಡುಕಿ ಹಿಡಿದಿದ್ದ ಜಾಗದ ಮೇಲೆ ಗಿರ್ರನೆ ತಿರುಗುತ್ತಿದ್ದ ಫ್ಯಾನನ್ನು ನೋಡಿದ.