ಎಂಟೋ, ಹತ್ತೋ?

(ರಂಗನತಿಟ್ಟು. ದೋಣಿಯಲ್ಲಿ ಇಬ್ಬರು ನಿವೃತ್ತರು. ಕೊರಳಲ್ಲಿ ಲಕ್ಷಗಟ್ಟಲೆ ಬೆಲೆಯ ದುರ್ಬೀನು.)

ರಾಯರು: ಶೆಟ್ರೇ, ನನ್ನ ಸ್ವರೋವ್ಸ್ಕಿ ಎನ್‌ಎಲ್ ಪ್ಯೂರ್ 8×42 ನೋಡಿ. ಸಾವಿರ ಮೀಟರ್ ದೂರದಲ್ಲಿ 159 ಮೀಟರ್ ಅಗಲ ಕಾಣುತ್ತೆ!

ಶೆಟ್ಟರು: ನನ್ನ ಝೈಸ್ ಎಸ್‌ಎಫ್‌ನಲ್ಲಿ 148. ಆ ಹನ್ನೊಂದು ಮೀಟರಲ್ಲಿ ಯಾವ ಹಕ್ಕಿ ಕೂತಿರುತ್ತೆ ಸ್ವಾಮಿ?

ರಾಯರು: ಕಾಣದವರಿಗೆ ಹೇಗೆ ಹೇಳೋದು!

ಶೆಟ್ಟರು: ಇರಲಿ, ಮುಂದಿನ ತಿಂಗಳು 10×42 ತಗೋತೀನಿ. ಎಲ್ಲಾ ಇನ್ನೂ ಹತ್ತಿರ.

ರಾಯರು: ಕೈ ನಡುಕವೂ ಹತ್ತು ಪಟ್ಟು! ಜೊತೆಗೆ ಮುಂಗಾಜಿನ ಅಗಲ 42ನ್ನು ಹಿಗ್ಗಿಸೋ ಪಟ್ಟು 10ರಿಂದ ಭಾಗಿಸಿ. ಕಣ್ಣಿಗೆ ಬರೋ ಬೆಳಕಿನ ವೃತ್ತ 4.2 ಮಿಲಿಮೀಟರ್. ನನ್ನದು 5.25. ಮುಸ್ಸಂಜೆಗೆ ನಾನೇ ರಾಜ.

ಶೆಟ್ಟರು: ವಯಸ್ಸಾದ ಕಣ್ಣಿನ ಪಾಪೆ ಅಷ್ಟಗಲ ತೆರೆದುಕೊಳ್ಳಬೇಕಲ್ಲ? ಮಿಕ್ಕ ಬೆಳಕಿಗೆ ಕೊಟ್ಟ ದುಡ್ಡು ಕಾವೇರಿ ಪಾಲು!

ದೋಣಿಯವ: ಸಾರ್, ಎಡಕ್ಕೆ ನೋಡಿ, ಬಣ್ಣದ ಕೊಕ್ಕರೆ. ಗೂಡಲ್ಲಿ ಮೂರು ಮರಿ.

ರಾಯರು: ಇರಪ್ಪಾ, ಅಂಚಿನ ಸ್ಪಷ್ಟತೆ ಪರೀಕ್ಷೆ ಮಾಡ್ತಿದೀವಿ.

ಶೆಟ್ಟರು: ಬಂಡೆ ಮೇಲಿನ ಆ ಕೊರಡಿಗೆ ಫೋಕಸ್ ಮಾಡಿ. ಆಹಾ, ತೊಗಟೆಯ ಒಂದೊಂದು ಗಂಟೂ ಕಾಣುತ್ತೆ!

ದೋಣಿಯವ: ಅದು ಮೊಸಳೆ ಸಾರ್.

ರಾಯರು: ನಿಂಗೆ ಹೇಗೆ ಕಾಣ್ತು? ಯಾವ ಕಂಪನೀದು?

ದೋಣಿಯವ: ಬರಿಗಣ್ಣು ಸಾರ್. ಅಮ್ಮ ಕೊಟ್ಟಿದ್ದು.

ಶೆಟ್ಟರು: ಹಾಗಾದ್ರೆ ವಾರಂಟಿ ಇಲ್ಲ, ಬಿಡು.