ಕಡಲ ಬದಿಯ ಕೋಣೆ

ನಮ್ಮ ಮನೆಯವರು ಮ್ಯೂನಿಕ್‌ನ ಒಂದು ಕಂಪನಿಯಲ್ಲಿ ಕಾರಿನ ಬ್ರೇಕಿಗೆ ಸಾಫ್ಟ್‌ವೇರ್ ಬರೆಯುತ್ತಾರೆ. ಹಾಗಾಗಿ ಯಾವ ಕೆಲಸವನ್ನಾದರೂ ಶುರು ಮಾಡುವ ಮುಂಚೆಯೇ ಅದನ್ನು ನಿಲ್ಲಿಸುವುದು ಹೇಗೆ ಎಂಬ ಯೋಚನೆ ಅವರಿಗೆ ಬರುತ್ತದೆ. ನಾನು ಮೈಸೂರಿನವಳು, ನನಗೆ ಆ ಯೋಚನೆ ಕೆಲಸ ಅರ್ಧ ಕೆಟ್ಟ ಮೇಲೆ ಬರುತ್ತದೆ. ಇಂಥ ನಾವಿಬ್ಬರೂ ಸೇರಿ 2023ರ ಮೇ ತಿಂಗಳಲ್ಲಿ ನಾಲ್ಕು ದಿನ ಫ್ರಾನ್ಸಿನ ರಿವಿಯೇರಾದಲ್ಲಿ ಐಷಾರಾಮವಾಗಿ ಇದ್ದು ಬರೋಣ ಎಂದುಕೊಂಡೆವು. 'ಐಷಾರಾಮ' ಎಂಬ ಮಾತು ನಮ್ಮ ಮನೆಯೊಳಗೆ ಕೇಳಿಬಂದದ್ದು ಅದೇ ಮೊದಲು. ಆಡಿದವರು ಇವರೇ. ಆಡಿದ ಗಾಬರಿಗೆ ತಕ್ಷಣ ಲ್ಯಾಪ್‌ಟಾಪ್ ತೆರೆದು ಒಂದು ಎಕ್ಸೆಲ್ ಶೀಟ್ ಮಾಡಿದರು.

ನಾಲ್ಕು ದಿನ ಸಿಕ್ಕಿದ್ದು ಏಸುವಿನ ದಯೆಯಿಂದ. ಆತ ಸ್ವರ್ಗಕ್ಕೆ ಏರಿದ ದಿನ ಯಾವಾಗಲೂ ಗುರುವಾರವೇ ಬೀಳುತ್ತದೆ. ಆ ವರ್ಷ ಮೇ 18ಕ್ಕೆ ಬಿತ್ತು. ನಡುವಿನ ಶುಕ್ರವಾರ ಒಂದು ರಜೆ ಹಾಕಿದರೆ ಭಾನುವಾರದ ತನಕ ಆಫೀಸಿನ ಮುಖ ನೋಡಬೇಕಿಲ್ಲ. ಇಂಥ ಶುಕ್ರವಾರಕ್ಕೆ ಜರ್ಮನ್ನರು 'ಸೇತುವೆ ದಿನ' ಎನ್ನುತ್ತಾರೆ. ಲಂಕೆಗೆ ಸೇತುವೆ ಕಟ್ಟಿದ ಕಪಿಗಳೂ ಇಷ್ಟು ಮುಂಚಿತವಾಗಿ ತಯಾರಿ ಮಾಡಿರಲಿಕ್ಕಿಲ್ಲ. ಯಾರು ಸೇತುವೆ ದಾಟುವುದು, ಯಾರು ಈಚೆ ದಡದಲ್ಲೇ ಕೂತು ಫೋನ್ ಎತ್ತುವುದು ಎಂದು ಆಫೀಸಿನಲ್ಲಿ ಜನವರಿಯಲ್ಲೇ ಜಗಳ. ನಮ್ಮ ಮನೆಯವರು ಹಿಂದಿನ ಎರಡು ವರ್ಷ ಫೋನ್ ಎತ್ತಿದ್ದರಿಂದ ಈ ಸಲ ದಾಟುವ ಹಕ್ಕು ಸಂಪಾದಿಸಿದ್ದರು.

ಏಪ್ರಿಲಿನಲ್ಲಿ ಅತ್ತೆ ಬಂದರು. ಅವರ ಮನೆ ಮರವಂತೆಯಲ್ಲಿ. ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ. ಬಸ್ಸಿನಲ್ಲಿ ಹೋಗುವ ಬಯಲುಸೀಮೆಯವರೆಲ್ಲ ಕಿಟಕಿಗೆ ಮೂಗು ಒತ್ತಿ ನಿಟ್ಟುಸಿರು ಬಿಡುವ ಜಾಗ. ಅತ್ತೆಯ ಕುಂದಾಪುರ ಕನ್ನಡ ನನಗೆ ಒಗ್ಗಲು ಸಾಕಷ್ಟು ವರ್ಷ ಬೇಕಾಯಿತು. ಅಲ್ಲಿ 'ಇತ್ತ್' ಎಂದರೆ ಇದೆ. ಮದುವೆಯಾದ ಹೊಸತರಲ್ಲಿ "ಮನೇಲಿ ದುಡ್ಡ್ ಇತ್ತ್" ಎಂದಾಗ ಈಗ ಖಾಲಿಯಾಗಿದೆ ಎಂದು ತಿಳಿದು ನಾನು ಮರುಕಪಟ್ಟಿದ್ದೆ. ಮೂರು ತಿಂಗಳಿಗೆ ಬಂದ ಅತ್ತೆಯನ್ನು ಒಮ್ಮೆಯಾದರೂ ಜಗತ್ತೇ ಬಾಯಿ ಬಿಡುವ ಕಡೆಗೆ ಕರೆದೊಯ್ಯಬೇಕು ಎನ್ನುವುದು ನಮ್ಮ ಸದುದ್ದೇಶ. ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಅಷ್ಟ್ ದೂರ ಹೋಯಿ ಕಾಂಬುಕೆ ಎಂತ ಇತ್ತ್ ಅಲ್ಲಿ?"

"ಸಮುದ್ರ ಅತ್ತೆ," ಎಂದೆ.

ಅವರು ಏನೂ ಹೇಳಲಿಲ್ಲ. ಬೀನ್ಸ್ ಮುರಿಯುವುದನ್ನು ಮುಂದುವರಿಸಿದರು.

ಇವರ ಶೀಟಿನಲ್ಲಿ ಊರು, ದೂರ, ಖರ್ಚು ಎಂಬ ಕಾಲಂಗಳ ಜೊತೆಗೆ 'ಐಷಾರಾಮ, ಹತ್ತಕ್ಕೆ ಎಷ್ಟು' ಎಂಬುದೂ ಒಂದಿತ್ತು. ನಾನು ದಿನಕ್ಕೆರಡು ಊರು ತುಂಬುತ್ತ ಹೋದೆ. ನೀಸ್, ಕ್ಯಾನ್, ಮೊನಾಕೊ, ಬೆಟ್ಟದ ತುದಿಯ ಎಝ್, ಪಿಕಾಸೊನ ಮ್ಯೂಸಿಯಮ್ಮಿರುವ ಆಂಟೀಬ್, ನಿಂಬೆಹಣ್ಣಿಗೆ ಹೆಸರಾದ ಮಾಂತೋನ್. ಮೂರನೇ ದಿನ ನೋಡುತ್ತೇನೆ, ಖರ್ಚಿನ ಪಕ್ಕ ಇವರು ಗುಟ್ಟಾಗಿ ಒಂದು ಕಾಲಂ ಅಡಗಿಸಿಟ್ಟಿದ್ದರು. ತೆರೆದರೆ ತೊಂಬತ್ತರಿಂದ ಗುಣಿಸಿದ ಲೆಕ್ಕ! ಹನ್ನೊಂದು ವರ್ಷ ಯೂರೋದಲ್ಲಿ ಸಂಬಳ ತೆಗೆದುಕೊಂಡರೂ ಮನುಷ್ಯ ಖರ್ಚು ಮಾಡುವುದು ರೂಪಾಯಿಯಲ್ಲೇ. ಏಳು ಯೂರೋ ಕಾಫಿ ಎಂದರೆ ಆಗ ಆರುನೂರ ಮೂವತ್ತು ರೂಪಾಯಿ. ಅಷ್ಟು ಕೊಟ್ಟು ಕುಡಿದ ಕಾಫಿ ಗಂಟಲಲ್ಲೇ ನಿಂತು ರಸೀದಿ ಕೇಳುತ್ತದೆ.

ಹೋಟೆಲ್ ಹುಡುಕಲು ಹೊರಟಾಗ ಇನ್ನೊಂದು ಸತ್ಯ ತಿಳಿಯಿತು. ನಮ್ಮ ಸೇತುವೆ ದಿನ ಕ್ಯಾನ್ ಚಲನಚಿತ್ರೋತ್ಸವದ ನಟ್ಟನಡುವೆ ಬಂದಿತ್ತು. ಉತ್ಸವ ಮೇ 16ರಿಂದ 27. ಮಾರನೆಯ ದಿನವೇ, 28ಕ್ಕೆ, ಮೊನಾಕೊದಲ್ಲಿ ಕಾರ್ ರೇಸ್. ಜಗತ್ತಿನ ಸಿನಿಮಾದವರು, ಕಾರಿನವರು, ಹಡಗಿನವರು ಎಲ್ಲರೂ ಆ ತೀರಕ್ಕೆ ಬಂದಿಳಿಯುವ ಹೊತ್ತಿಗೆ ಸರಿಯಾಗಿ ನಾವು ಅಗ್ಗದ ಕೋಣೆ ಹುಡುಕುತ್ತಿದ್ದೆವು. ಕ್ಯಾನ್‌ನಲ್ಲಿ ಒಂದು ರಾತ್ರಿಗೆ ಕೇಳಿದ ದುಡ್ಡಿನಲ್ಲಿ ನಮ್ಮ ಒಂದು ತಿಂಗಳ ಮನೆ ಬಾಡಿಗೆ ಕಟ್ಟಿ ಉಳಿದದ್ದರಲ್ಲಿ ಉಗಾದಿ ಮಾಡಬಹುದಿತ್ತು. ಅಲ್ಲಿಗೆ ಆ ಸಾಲಿಗೆ ಕೆಂಪು ಬಣ್ಣ ಬಿತ್ತು. ಅತ್ತೆಗೆ ಮಾತ್ರ ಕ್ಯಾನ್ ಬಗ್ಗೆ ಸ್ವಲ್ಪ ಆಸಕ್ತಿ ಹುಟ್ಟಿತು. ಐಶ್ವರ್ಯಾ ರೈ 2002ರಲ್ಲಿ ದೇವದಾಸ್ ಸಿನಿಮಾದೊಂದಿಗೆ ಅಲ್ಲಿ ಮೊದಲು ಕಾಣಿಸಿಕೊಂಡದ್ದು, ಆಮೇಲೆ ಮತ್ತೆ ಮತ್ತೆ ಹೋಗುತ್ತಿರುವುದು ಎಲ್ಲ ಅವರಿಗೆ ಗೊತ್ತು. "ಮಂಗ್ಳೂರಲ್ಲಿ ಹುಟ್ಟಿದ್ ಹೆಣ್ಣ್," ಎಂದರು, ಕೋಣೆ ಕೇಳಿದರೆ ಪಕ್ಕದ ಮನೆಯವರ ಹಾಗೆ ಒಂದು ಚಾಪೆಯಷ್ಟು ಜಾಗ ಕೊಟ್ಟಾರು ಎಂಬ ಧಾಟಿಯಲ್ಲಿ.

ಕಡೆಗೆ ನೀಸ್ ಎಂದಾಯಿತು. ಕಡಲಿಗೆ ಹೊಂದಿದ ಏಳು ಕಿಲೋಮೀಟರ್ ಉದ್ದದ ವಿಹಾರ ರಸ್ತೆ ಇರುವ ಊರು. ಅದರ ಹೆಸರೇ ಇಂಗ್ಲಿಷರ ವಿಹಾರ ರಸ್ತೆ. 1820ರ ಸುಮಾರಿಗೆ ಚಳಿಗೆ ಸಿಕ್ಕಿ ಕಿತ್ತಳೆ ಬೆಳೆ ಹಾಳಾಗಿ ಬಡವರು ಬೀದಿಗೆ ಬಿದ್ದಾಗ, ಅಲ್ಲಿ ಚಳಿಗಾಲ ಕಳೆಯಲು ಬಂದಿದ್ದ ಇಂಗ್ಲಿಷರು ಚಂದಾ ಎತ್ತಿ, ಅವರಿಗೆ ಕೂಲಿ ಕೊಟ್ಟು ಮಾಡಿಸಿದ ಹಾದಿ ಅದು. ನಮ್ಮಲ್ಲಿ ಬರಗಾಲದ ಕಾಮಗಾರಿ ಎನ್ನುತ್ತಾರಲ್ಲ, ಅದೇ. ನಮ್ಮ ಬರಗಾಲದ ರಸ್ತೆಗಳ ಮೇಲೆ ಇನ್ನೂ ಯಾರೂ ಬಿಳಿ ಟೋಪಿ ಹಾಕಿಕೊಂಡು ನಾಯಿ ಓಡಾಡಿಸಲು ಶುರು ಮಾಡಿಲ್ಲ ಅಷ್ಟೆ. ಇಡೀ ತೀರಕ್ಕೆ 'ಕೋತ್ ದಜೂರ್', ಅಂದರೆ ನೀಲಿ ತೀರ ಎಂದು ಹೆಸರು ಕೊಟ್ಟವನು ಸ್ತೆಫೆನ್ ಲಿಯೆಜಾರ್. 1887ರಲ್ಲಿ ಆ ಹೆಸರಿನ ಪುಸ್ತಕವನ್ನೇ ಬರೆದ. ಆತ ಹುಟ್ಟಿದ್ದು ದಿಜೋನ್‌ನಲ್ಲಿ, ಕಡಲಿನ ಗಾಳಿಯೂ ಸುಳಿಯದ ಒಳನಾಡಿನಲ್ಲಿ. ಇದನ್ನು ಓದಿದಾಗ ನನಗೆ ಅವನ ಮೇಲೆ ಸ್ವಂತ ಅಣ್ಣನ ಮಮತೆ ಹುಟ್ಟಿತು. ಒಂಬತ್ತನೇ ಕ್ಲಾಸಿನ ಪ್ರವಾಸದಲ್ಲಿ ಮಲ್ಪೆಗೆ ಹೋಗಿ ಮೊದಲ ಸಲ ಕಡಲು ಕಂಡಾಗ ನಾನೂ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಅದಕ್ಕೆ ಮೂರು ಹೆಸರು ಬರೆದುಕೊಂಡಿದ್ದೆ.

ಈಗ ಬಂತು ನಿಜವಾದ ಕಗ್ಗಂಟು. ಹೋಟೆಲಿನಲ್ಲಿ ಎರಡು ನಮೂನೆ ಕೋಣೆ: ಒಂದಕ್ಕೆ ಕಡಲು ಕಾಣುತ್ತದೆ, ಇನ್ನೊಂದಕ್ಕೆ ಹಿಂದಿನ ಬೀದಿ. ಕಡಲು ಕಾಣುವುದಕ್ಕೆ ರಾತ್ರಿಗೆ ಅರವತ್ತು ಯೂರೋ ಹೆಚ್ಚು. ನಾನು ಕಡಲಿನ ಪಕ್ಷ, ಇವರು ಬೀದಿಯ ಪಕ್ಷ. ಕಣ್ಣು ಮುಚ್ಚಿ ಮಲಗುವ ಜಾಗಕ್ಕೆ ನೋಟ ಯಾಕೆ ಎಂಬುದು ಇವರ ವಾದ. ನೋಟ ಬೇಡವಾದರೆ ಮನೆಯಲ್ಲೇ ಮಲಗಬಹುದಲ್ಲ ಎಂಬುದು ನನ್ನದು. ಮೂರು ರಾತ್ರಿ ಚರ್ಚೆ ನಡೆಯಿತು. ನಾಲ್ಕನೇ ರಾತ್ರಿ ಅತ್ತೆ ತಟ್ಟೆ ಒರೆಸುತ್ತ ಬಂದು ನಿಂತರು.

"ಕಡ್ಲ್ ಬದಿ ಕೋಣೆಗೆ ದುಡ್ಡ್ ಜಾಸ್ತಿಯಾ?"

"ಹೌದಮ್ಮ," ಎಂದರು ಇವರು.

"ನಮ್ಮಲ್ಲಿ ಆ ಬದಿ ಕೋಣೇಲಿ ಯಾರೂ ಮಲ್ಕಂತಿಲ್ಲೆ."

ನಿಜ. ಮರವಂತೆಯ ಮನೆಯ ಪಡುವಣ ಕೋಣೆಯಲ್ಲಿ ತೆಂಗಿನಕಾಯಿ ರಾಶಿ ಹಾಕಿರುತ್ತಾರೆ. ಅದರ ಕಿಟಕಿಯ ಸರಳು ಉಪ್ಪುಗಾಳಿಗೆ ಸಿಪ್ಪೆ ಎದ್ದು, ಮುಟ್ಟಿದರೆ ಕೈಗೆ ಕಾಫಿಪುಡಿಯಂತೆ ಬರುತ್ತದೆ. ಜೂನ್ ಬಂತೆಂದರೆ ಆ ಕಿಟಕಿ ತೆರೆಯುವಂತಿಲ್ಲ. ರಾತ್ರಿಯಿಡೀ ಮೊರೆತ, ಒಣಗಲು ಹಾಕಿದ ಬಟ್ಟೆಗೆಲ್ಲ ಅಂಟು, ಕಡಲ್ಕೊರೆತ ಜೋರಾದ ವರ್ಷ ರಸ್ತೆ ಉಳಿಯುತ್ತದೋ ಇಲ್ಲವೋ ಎಂಬ ದಿಗಿಲು. ಅಂಥ ಕಡೆಯ ಹೆಂಗಸಿಗೆ 'ಸಮುದ್ರ ಕಾಣುವ ಕೋಣೆ, ರಾತ್ರಿಗೆ ಅರವತ್ತು ಯೂರೋ ಹೆಚ್ಚು' ಎಂದು ಹೇಳಿದರೆ, ನಮಗೆ ಯಾರೋ 'ಸಿಲ್ಕ್ ಬೋರ್ಡ್ ಸಿಗ್ನಲ್ ಕಾಣುವ ಕೋಣೆ' ಎಂದು ಮಾರಿದ ಹಾಗೆ.

ಅತ್ತೆಯ ಪರವಾಗಿ ಚರಿತ್ರೆಯ ಸಾಕ್ಷಿಯೂ ಇತ್ತು, ನಾನೇ ಹುಡುಕಿ ಕೊಟ್ಟು ಸೋತೆ. ಒಂದು ಕಾಲಕ್ಕೆ ಸಿರಿವಂತರು ಆ ತೀರಕ್ಕೆ ಬರುತ್ತಿದ್ದದ್ದೇ ಚಳಿಗಾಲದಲ್ಲಿ. ಬೇಸಿಗೆಯಲ್ಲಿ ಹೋಟೆಲುಗಳು ಬಾಗಿಲು ಹಾಕುತ್ತಿದ್ದವು. ಬೇಸಿಗೆಯ ಬಿಸಿಲಿಗೆ ಮೈ ಒಡ್ಡುವುದು ಫ್ಯಾಶನ್ ಆದದ್ದು 1920ರ ದಶಕದಲ್ಲಿ. ವಿಕ್ಟೋರಿಯಾ ರಾಣಿ ನೀಸ್‌ಗೆ ಬಂದಾಗ ಕಡಲಂಚಿನಲ್ಲಿ ಇಳಿದುಕೊಳ್ಳದೆ ಸಿಮಿಯೇ ಎಂಬ ಗುಡ್ಡದ ಮೇಲೆ ಉಳಿದಳು. ಬರುವಾಗ ತನ್ನ ಮಂಚ ತಂದಳು, ದೊಡ್ಡ ಪರಿವಾರ ತಂದಳು, ಭಾರತದ ಮುನ್ಶಿ ಅಬ್ದುಲ್ ಕರೀಮನನ್ನೂ ಕರೆತಂದಳು. ಓಡಾಡಲು ಕತ್ತೆಯ ಗಾಡಿ. ಯಾರಿಗೂ ಗುರುತು ಸಿಗಬಾರದೆಂದು 'ಬಾಲ್ಮೊರಲ್ ಕೌಂಟೆಸ್' ಎಂಬ ಬೇರೆ ಹೆಸರು. ಇಷ್ಟು ಕೇಳಿದ ಅತ್ತೆ ಸಣ್ಣ ಕುಕ್ಕರ್ ಮತ್ತು ಎರಡು ಕೆ.ಜಿ. ಕುಚ್ಚಲಕ್ಕಿಯನ್ನು ಪ್ರಯಾಣದ ಪಟ್ಟಿಗೆ ಸೇರಿಸಿದರು. ರಾಣಿಯೇ ಮಂಚ ಹೊತ್ತು ತಂದಿರುವಾಗ ಅಕ್ಕಿಗೆ ಬೇಡ ಎನ್ನಲು ನಾನು ಯಾರು?

ಮೊನಾಕೊದ ಮೇಲೆ ಮಾತ್ರ ಅವರಿಗೆ ಒಂದು ಕಣ್ಣಿತ್ತು. ದೇಶಕ್ಕೆ ದೇಶವೇ ಎರಡು ಚದರ ಕಿಲೋಮೀಟರ್ ಎಂದರೆ ನಂಬಲಿಲ್ಲ; ನಮ್ಮ ಮಾನಸಗಂಗೋತ್ರಿ ಕ್ಯಾಂಪಸ್ ಅದಕ್ಕಿಂತ ದೊಡ್ಡದು. ಅಲ್ಲಿನ ಮಾಂಟೆ ಕಾರ್ಲೊ ಜೂಜುಕಟ್ಟೆಯಲ್ಲಿ ಆ ದೇಶದ ಪ್ರಜೆಗಳು ಆಡುವಂತಿಲ್ಲ, ಹೊರಗಿನವರು ಬಂದು ಸೋತು ಹೋಗಬಹುದು. ಈ ಕಾನೂನು ಅತ್ತೆಯ ಮನಸ್ಸಿಗೆ ಬಹಳ ಹಿಡಿಸಿತು. ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳೆದವರು. ಧೃತರಾಷ್ಟ್ರನಿಗೆ ಇಷ್ಟು ಬುದ್ಧಿ ಇದ್ದಿದ್ದರೆ ಧರ್ಮರಾಯ ಕಾಡಿಗೆ ಹೋಗಬೇಕಿರಲಿಲ್ಲ ಎಂದು ತೀರ್ಪು ಕೊಟ್ಟರು. 1913ರ ಆಗಸ್ಟ್ 18ರ ರಾತ್ರಿ ಅಲ್ಲಿನ ರೂಲೆಟ್ ಚಕ್ರದಲ್ಲಿ ಕಪ್ಪು ಸತತ ಇಪ್ಪತ್ತಾರು ಸಲ ಬಂದು, ಮುಂದಿನದು ಕೆಂಪೇ ಬಂದೀತೆಂದು ದುಡ್ಡು ಸುರಿದವರೆಲ್ಲ ಮುಳುಗಿದ ಕಥೆಯನ್ನು ಇವರು ಬ್ರೇಕಿನವರ ಗಾಂಭೀರ್ಯದಿಂದ ವಿವರಿಸಿದರು. ಅತ್ತೆ ಎಲ್ಲ ಕೇಳಿ, "ಒಳಗೆ ಹ್ವಾಪುಕೆ ಎಷ್ಟ್?" ಎಂದರು. ಶೀಟಿನಲ್ಲಿ ಹತ್ತಕ್ಕೆ ಒಂಬತ್ತು ಅಂಕ ಬಿದ್ದ ಏಕೈಕ ಸಾಲು ಆ ಜೂಜುಕಟ್ಟೆಯದು. ಇವರು ಅದನ್ನೂ ಅಳಿಸಿದರು.

ಹೀಗೆ ಶೀಟ್ ಹದಿನಾಲ್ಕನೇ ಆವೃತ್ತಿಗೆ ಬಂದಾಗ ಹದಿನೆಂಟು ಊರುಗಳು ಆರಾಗಿ, ನಾಲ್ಕು ದಿನ ಮೂರು ರಾತ್ರಿಯಾಗಿ, ಐಷಾರಾಮದ ಸರಾಸರಿ ನಾಲ್ಕೂವರೆಗೆ ಇಳಿದಿತ್ತು. ಅತ್ತೆ ಅಂದು ಕೇಳಿದರು: "ಆ ಹೋಟೆಲಲ್ಲಿ ಬೆಳಿಗ್ಗೆ ಕಾಫಿ ಕೋಣೆಗೇ ತಂದ್ ಕೊಡ್ತ್ರಾ?"

ಕೊಡುತ್ತಾರೆ, ಅದಕ್ಕೆ ಬೇರೆ ದುಡ್ಡು.

"ಹಾಸಿಗೆ ಅವ್ರೇ ಮಡ್ಚ್ತ್ರಾ? ಬಾತ್‌ರೂಮ್ ಅವ್ರೇ ತೊಳಿತ್ರಾ?"

ಹೌದು.

"ಹಾಂಗಾರೆ ನಾ ಅಲ್ಲೇ ಇಪ್ಪುದು. ನೀವ್ ಊರ್ ಸುತ್ತಿನಿ."

ಐವತ್ತು ವರ್ಷ ಸೂರ್ಯ ಹುಟ್ಟುವ ಮುಂಚೆ ಎದ್ದು, ಒಲೆ ಹಚ್ಚಿ, ಹಟ್ಟಿ ತೊಳೆದು, ಬಂದವರಿಗೆಲ್ಲ ಕಾಫಿ ಕೊಟ್ಟ ಹೆಂಗಸು ಒಂದೇ ಉಸಿರಿಗೆ ಹೇಳಿ ಮುಗಿಸಿದ ಮೇಲೆ ಇವರು ಶೀಟನ್ನು ನೋಡಿದರು, ನಾನು ಇವರನ್ನು ನೋಡಿದೆ. ಕಾಫಿ ಕೋಣೆಗೆ ತರುವ ದರಕ್ಕೆ ತೊಂಬತ್ತರಿಂದ ಗುಣಿಸದೆ ಇವರು ಒತ್ತಿದ ಮೊದಲ ಬುಕಿಂಗ್ ಬಟನ್ ಅದು.

ಹೊರಡುವ ಹಿಂದಿನ ರಾತ್ರಿ ಅಪ್ಪೆಮಿಡಿ ಉಪ್ಪಿನಕಾಯಿಯ ವಿಚಾರಣೆ ನಡೆಯಿತು. ಕೈಚೀಲ ಮಾತ್ರ ಒಯ್ಯುವ ಅಗ್ಗದ ಟಿಕೆಟ್ಟು. ನೂರು ಮಿಲಿಲೀಟರಿಗಿಂತ ಹೆಚ್ಚು ದ್ರವ ವಿಮಾನದೊಳಕ್ಕೆ ಬಿಡುವುದಿಲ್ಲ ಎಂದರು ಇವರು. ಮಿಡಿ ದ್ರವವಲ್ಲ ಎಂದರು ಅತ್ತೆ. ಅದರ ರಸ ದ್ರವ ಎಂದರು ಇವರು. ಅತ್ತೆ ಮರುಮಾತಾಡದೆ ಭರಣಿಗೆ ಒಣ ಸೌಟು ಹಾಕಿ ಹನ್ನೊಂದು ಮಿಡಿ ಹೊರತೆಗೆದರು. ಒಂದೊಂದನ್ನೇ ಅಡುಗೆಮನೆಯ ಕಾಗದದಲ್ಲಿ, ಮಗುವಿನ ತಲೆ ಒರೆಸುವ ಹಾಗೆ ಒರೆಸಿ, ತೊಟ್ಟು ಮುರಿಯದಂತೆ ಜಿಪ್ ಚೀಲದಲ್ಲಿ ಸಾಲಾಗಿ ಮಲಗಿಸಿದರು. ಮ್ಯೂನಿಕ್ ವಿಮಾನ ನಿಲ್ದಾಣದ ಯಂತ್ರ ಆ ಹನ್ನೊಂದು ಮಿಡಿಗಳನ್ನು ಕಂಡು ಒಂದು ಸಲ ನಿಂತಿತು, ಹಿಂದೆ ಹೋಯಿತು, ಮತ್ತೆ ಮುಂದೆ ಬಂತು. ಕಾವಲಿನ ಹುಡುಗಿ ಚೀಲ ಎತ್ತಿ ಮೂಸಿ ನೋಡಿ, ಏನೂ ಕೇಳದೆ ಕೊಟ್ಟಳು.

ನೀಸ್ ಬಗ್ಗೆ ಹೆಚ್ಚು ಹೇಳಲಾರೆ. ಯೋಜನೆಯೇ ಇಷ್ಟು ಉದ್ದವಾದ ಮೇಲೆ ಪ್ರವಾಸಕ್ಕೆ ಜಾಗವಿಲ್ಲ. ಅಲ್ಲಿಯ ಕಡಲ ದಂಡೆಯಲ್ಲಿ ಮರಳಿಲ್ಲ, ಮೊಟ್ಟೆ ಗಾತ್ರದ ಉರುಟು ಕಲ್ಲು. ಬರಿಗಾಲಲ್ಲಿ ನಡೆದರೆ ಹರಕೆ ತೀರಿಸಿದಂತಾಗುತ್ತದೆ. ಹಳೆಯ ಪೇಟೆಯಲ್ಲಿ ಸೊಕ್ಕಾ ಎಂಬ ತಿಂಡಿ ಸಿಗುತ್ತದೆ. ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ ಕಲಸಿ, ಮದುವೆಮನೆಯ ಹರಿವಾಣದಷ್ಟು ಅಗಲದ ತಾಮ್ರದ ತಟ್ಟೆಗೆ ಹುಯ್ದು ಸೌದೆ ಒಲೆಯಲ್ಲಿ ಬೇಯಿಸಿ, ಕೆರೆದು ಕೊಡುತ್ತಾರೆ. ಅತ್ತೆ ಅದಕ್ಕೆ ಮಿಡಿ ನಂಚಿಕೊಂಡು ತಿಂದು "ಅಡ್ಡಿಲ್ಲೆ" ಎಂದರು. ಕರಾವಳಿಯವರ ಬಾಯಲ್ಲಿ ಅದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ.

ಶನಿವಾರ ನಾವಿಬ್ಬರು ಆರು ಊರುಗಳನ್ನು ಒಂದೇ ದಿನ ರೈಲಿನಲ್ಲಿ ಮುಗಿಸಲು ಹೊರಟೆವು. ಮೂರನೆಯದರಲ್ಲೇ ನನ್ನ ಹಿಮ್ಮಡಿ ಬೊಬ್ಬೆ ಎದ್ದಿತು. ಮೊನಾಕೊದಲ್ಲಿ ರೇಸಿಗೆಂದು ಬೀದಿಯುದ್ದಕ್ಕೂ ಕಬ್ಬಿಣದ ತಡೆ ಹಾಕಿದ್ದರು. ಜೂಜುಕಟ್ಟೆಯನ್ನು ಹೊರಗಿನಿಂದ, ಬೇಲಿಯ ಸಂದಿಯಲ್ಲಿ ನೋಡಿದೆವು. ಸಂಜೆ ಕುಂಟುತ್ತ ಬಂದರೆ ಅತ್ತೆ ವಿಹಾರ ರಸ್ತೆಯ ಬೆಂಚಿನಲ್ಲಿ ಕೂತಿದ್ದರು. ಇಸ್ತ್ರಿ ಮುರಿಯದ ಕಾಟನ್ ಸೀರೆ, ಮೇಲೆ ಮಗನ ಜಾಕೆಟ್ಟು. ಅವರ ಬೆನ್ನ ಹಿಂದೆ ಜಗತ್ತಿನ ಸಿರಿವಂತರು ದುಡ್ಡು ಸುರಿದು ನೋಡುವ ಆ ನೀಲಿ. ಅತ್ತೆ ಅದಕ್ಕೆ ಬೆನ್ನು ಹಾಕಿ, ರಸ್ತೆಯ ಕಡೆ ಮುಖ ಮಾಡಿ ಕೂತಿದ್ದರು.

"ಹದಿನೇಳ್ ನಾಯಿ ಹೋಯ್ತ್," ಎಂದರು ನಮ್ಮನ್ನು ಕಂಡು. "ಒಂದನ್ನ ಮಗು ಗಾಡೀಲಿ ಕೂರ್ಸಿ ತಳ್ಕಂಡ್ ಹೋದ್ರ್."

ಇವರು ಪಕ್ಕದಲ್ಲಿ ಕುಸಿದು ಕೂತು ಷೂ ಬಿಚ್ಚಿದರು. ಕಡಲು ನೋಡಬೇಕೆಂದು ನಾನು ಆಚೆ ತಿರುಗಿದೆ. ಅತ್ತೆ ನನ್ನ ತೋಳು ಹಿಡಿದೆಳೆದು ಕೂರಿಸಿ, ಗುಲಾಬಿ ಗುಮ್ಮಟದ ದೊಡ್ಡ ಹೋಟೆಲಿನ ಬಾಗಿಲಲ್ಲಿ ನಿಂತಿದ್ದ ಸಮವಸ್ತ್ರದವನತ್ತ ಗಲ್ಲ ಎತ್ತಿ ತೋರಿಸಿದರು.

"ಕೋಣೆಗ್ ಕಾಫಿ ತಂದ್ ಕೊಡ್ತ್ರಲ್ಲ ಮಗಾ, ಇಲ್ಲಿಗ್ ತತ್ರಿಲ್ಯಾ?"