ತಟ್ಟೆ ಮಾರಿ ತಟ್ಟೆ ಕೊಂಡವರು

ಬಸವನಗುಡಿ, ಮಲ್ಲೇಶ್ವರ, ಜಯನಗರಗಳಂಥ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ, ಸರ್ಕಾರೀ ಕಾರ್ಖಾನೆಯಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದು ನಿವೃತ್ತರಾದ, ಹಣೆಯಲ್ಲಿ ಅಕ್ಷತೆಯೂ ಹೆಗಲಿಗಿಳಿದ ನರೆಗೂದಲೂ ಏಕಕಾಲದಲ್ಲಿ ಶೋಭಿಸುವ, ಪಾಶ್ಚಾತ್ಯ ರಾಕ್ ಸಂಗೀತವೊಂದನ್ನುಳಿದು ಮತ್ತಾವುದಕ್ಕೂ ಕಿವಿಗೊಡೆನೆಂದು ಯೌವನದಲ್ಲಿಯೇ ಸಂಕಲ್ಪಿಸಿದ ಮಹನೀಯರೊಬ್ಬರು ಬೀದಿಗೊಬ್ಬರಂತಾದರೂ ಇದ್ದೇ ಇರುವರು. ಇಂಥವರನ್ನು ನಾವು ಸದ್ಯಕ್ಕೆ ರಾಯರೆಂದು ಕರೆಯೋಣ.

ಪಿಂಕ್ ಫ್ಲಾಯ್ಡ್ ಎಂಬ ಆಂಗ್ಲ ತಂಡದವರು ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೋದಲ್ಲಿ ಮುದ್ರಿಸಿ 1973ರ ಮಾರ್ಚಿನಲ್ಲಿ ಹೊರತಂದ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಎಂಬ ಕೃತಿಯನ್ನು ಕುರಿತು ರಾಯರ ಅಭಿಪ್ರಾಯವನ್ನು ಕೇಳಬಯಸುವವನು, ಆ ಗ್ರಾಮಫೋನ್ ತಟ್ಟೆ ಅಂದಿನ ದಿನ ಅವರ ಮನೆಯಲ್ಲಿದೆಯೋ ಇಲ್ಲವೋ ಎಂಬುದನ್ನು ಮೊದಲು ವಿಚಾರಿಸಿಕೊಳ್ಳುವುದು ಕ್ಷೇಮ. ಮನೆಯಲ್ಲಿದ್ದರೆ, ಅದು ಅತಿಸ್ತುತಿಗೆ ಪಾತ್ರವಾದ ಸಾಧಾರಣ ಕೃತಿ. ಗಡಿಯಾರಗಳ ಗದ್ದಲ, ನಾಣ್ಯಗಳ ಝಣತ್ಕಾರ, ಎದೆಬಡಿತ ಇವಿಷ್ಟನ್ನೂ ಕಳೆದರೆ ಶೇಷವೇನು ಎಂದು ಅವರು ಹುಬ್ಬೇರಿಸುವರು. ಮನೆಯಲ್ಲಿಲ್ಲದಿದ್ದರೆ, ಕಾಲ, ಧನ, ಮೃತ್ಯು, ಉನ್ಮಾದಗಳೆಂಬ ಮಾನವನ ಸಮಸ್ತ ಕ್ಲೇಶಗಳನ್ನೂ 43 ನಿಮಿಷಗಳಲ್ಲಿ ಅಡಕಗೊಳಿಸಿದ ಮಹಾಕಾವ್ಯ ಅದು.

ಅವರ ಪ್ರಥಮ ಪ್ರತಿ ಕಲ್ಕತ್ತೆಯ ಬಳಿಯ ಡಂಡಂ ಕಾರ್ಖಾನೆಯಲ್ಲಿ ಅಚ್ಚಾದದ್ದು. ಕಾಲೇಜಿನ ದಿನಗಳಲ್ಲಿ ಕಾಫಿ ತಿಂಡಿ ತ್ಯಜಿಸಿ ಕೊಂಡದ್ದು. ಸಿ.ಡಿ.ಗಳ ಯುಗ ಪ್ರಾರಂಭವಾದೊಡನೆ ರಾಯರಿಗೆ ಅದರ ಕರಕರ ಶಬ್ದ ಸಹಿಸಲಸದಳವಾಯಿತು. ಶ್ರೀಮತಿಯವರಿಗೂ ಅಟ್ಟದ ಮೇಲೆ ಸ್ಥಳ ಬೇಕಾಗಿತ್ತು. ತಟ್ಟೆಗಳೆಲ್ಲ ಚಿಕ್ಕಪೇಟೆಯ ಬಳಿಯ ಸಂಡೇ ಬಜಾರಿಗೆ ಆಟೋ ಏರಿ ಹೋದುವು.

ಸಿ.ಡಿ.ಯಲ್ಲಿ ಕೃತಿ ನಿಷ್ಕಳಂಕವಾಗಿ ಕೇಳಿಬಂತಾದರೂ ರಾಯರಿಗೆ ಏನೋ ಕೊರತೆ ತೋರಿತು; ಆ ಕೊರತೆ ಯಾವುದೆಂದು ಶೋಧಿಸಿದ ಕೀರ್ತಿ ಅವರಿಗೇ ಸಲ್ಲತಕ್ಕದ್ದು. ತಟ್ಟೆಯ ಮೊದಲನೆಯ ಮೈ ಮುಗಿಯುವುದು ಮೃತ್ಯುವನ್ನು ಕುರಿತ ಗೀತದಿಂದ. ಕ್ಲೇರ್ ಟೋರಿ ಎಂಬ ಗಾಯಕಿ, 30 ಪೌಂಡುಗಳ ಸಂಭಾವನೆಗೆ, ಸಾಹಿತ್ಯದ ಹಂಗಿಲ್ಲದೆ ಬರಿಯ ಆಲಾಪದಲ್ಲಿ ಅಲ್ಲಿ ಗೋಳಿಟ್ಟಿರುವಳು. ಅದಾದಮೇಲೆ ಕೇಳುವವನು ಎದ್ದು, ತಟ್ಟೆಯನ್ನು ತಿರುವಿಹಾಕಿ, ಧೂಳೊರಸಿ, ಮುಳ್ಳನ್ನಿಳಿಸಿದನಂತರವಷ್ಟೇ ಧನಸಂಬಂಧವಾದ ಗೀತ ನಾಣ್ಯಗಳ ಸದ್ದಿನೊಡನೆ ಆರಂಭವಾಗಬೇಕು. ಸಿ.ಡಿ.ಯಲ್ಲಾದರೋ ಈ ವಿರಾಮವೇ ಇಲ್ಲದೆ, ಚಿತೆಯ ಬೆಂಕಿ ಆರುವ ಮೊದಲೇ ಸಾಲ ಕೊಟ್ಟವನು ಬಂದು ಬಾಗಿಲಲ್ಲಿ ನಿಂತಂತಾಯಿತು. ಈ ಒಂದು ವಿಷಯದಲ್ಲಿ ರಾಯರ ವಿಮರ್ಶೆ ಯಥಾರ್ಥವೆಂದೇ ನನ್ನ ಮತ. ಆದರೆ ಅದು ಅವರಿಗೆ ಹೊಳೆದದ್ದು ತಟ್ಟೆ ಕೈಬಿಟ್ಟ ಮೇಲೆ.

2002ರಲ್ಲಿ ಆ ತಂಡದಲ್ಲಿ ಹಿಂದೆ ಇದ್ದ ರಾಜರ್ ವಾಟರ್ಸರು ಬೆಂಗಳೂರಿಗೇ ಬಂದು ಹಾಡಿದಾಗ ರಾಯರ ವಿರಹ ಮೇರೆಮೀರಿತು. ಮೂವತ್ತನೆಯ ವರ್ಷದ ಸ್ಮರಣಾರ್ಥವಾಗಿ 2003ರಲ್ಲಿ ಹೊರಟ 180 ಗ್ರಾಂ ತೂಕದ ತಟ್ಟೆಯನ್ನು ತರಿಸಿದರು. ತೂಕವುಂಟು, ಪ್ರಾಣವಿಲ್ಲ ಎಂದು ಅದನ್ನೂ ಮಾರಿದರು. ತಟ್ಟೆಯ ನಡುವಣ ಕಾಗದದಲ್ಲಿ ತುಂಬುನೀಲಿ ತ್ರಿಕೋನವೂ ಹೊದಿಕೆಯೊಳಗೆ ಎರಡು ಭಿತ್ತಿಚಿತ್ರಗಳೂ ಇರುವ ಇಂಗ್ಲೆಂಡಿನ ಮೊದಲ ಅಚ್ಚೇ ಪ್ರಮಾಣವೆಂದು ಬಳಿಕ ತಿಳಿಯಿತು. ಅದರ ಬೆಲೆ ತಿಳಿದ ದಿನ ಕೃತಿಯಲ್ಲಿ ಅನೇಕ ದೋಷಗಳು ಗೋಚರಿಸಿದುವು.

ಒಮ್ಮೆ ಮೃದಂಗ ಬಲ್ಲ ಅವರ ಭಾವನವರು ಬಂದಿದ್ದರು. ಧನದ ಗೀತ ಆರಂಭವಾಗುತ್ತಲೇ ತೊಡೆಯ ಮೇಲೆ ಕೈ ತಾನಾಗಿ ಆಡಿತು. “ಭೇಷ್, ಮಿಶ್ರಛಾಪು!” ಎಂದರು. ಏಳೆಣಿಕೆಯ ಆ ನಡೆ ಗಿಟಾರಿನವನ ಸರದಿ ಬಂದಾಗ ನಾಲ್ಕಕ್ಕೆ ತಿರುಗುವುದಷ್ಟೆ; ಭಾವನವರು ಕೈ ನಿಲ್ಲಿಸಿ, “ನೋಡಿದೆಯೇನಯ್ಯ, ತಾಳ ತಪ್ಪಿದರು,” ಎನ್ನುತ್ತ ಕಾಫಿಗೆಂದು ಒಳಗೆ ನಡೆದರು. ಹಾಡಿನಲ್ಲಿ ಏಳೆಣಿಕೆಯಿದೆಯೆಂಬ ಸಂಗತಿ ಅದುವರೆಗೆ ರಾಯರಿಗೆ ಅಗೋಚರವಾಗಿತ್ತು. ಮರುದಿನದಿಂದ ಬಂದ ಅತಿಥಿಗಳಿಗೆಲ್ಲ ಅದು ಅವರ ಸ್ವಂತ ಸಂಶೋಧನೆಯಾಗಿ ನಿರೂಪಿತವಾಯಿತು.

ಕಡೆಗೆ ಸಂಡೇ ಬಜಾರಿನಲ್ಲಿಯೇ, ಪ್ರೆಷರ್ ಕುಕ್ಕರಿನ ಮುಚ್ಚಳಗಳ ನಡುವೆ, ಡಂಡಂನ ಪ್ರತಿಯೊಂದು ಕಣ್ಣಿಗೆ ಬಿತ್ತು. ಶೀರ್ಷಿಕೆಯಾಗಲಿ ತಂಡದ ಹೆಸರಾಗಲಿ ಇಲ್ಲದ ಆ ಕಪ್ಪು ಹೊದಿಕೆಯಲ್ಲಿ, ಅಶ್ರಗದ ಚಿತ್ರದ ಪಕ್ಕಕ್ಕೆ, ಮಾಲಿಕನ ಹೆಸರು ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದಿತ್ತು. ರಾಯರು ಕನ್ನಡಕ ಮರೆತುಬಂದಿದ್ದರು. “ಯಾವನೋ ಅವಿವೇಕಿ ಗೀಚಿ ಹಾಳುಮಾಡಿದ್ದಾನೆ, ಬೆಲೆ ಇಳಿಸಯ್ಯ,” ಎಂದರು.

“ಆ ಹೆಸರಿದ್ರೆ ಇನ್ನೂರು ರೂಪಾಯಿ ಜಾಸ್ತಿ ಸಾಮಿ,” ಎಂದ ಅಂಗಡಿಯವನು, ಹೆಸರನ್ನು ಗಟ್ಟಿಯಾಗಿ ಓದಿ ಹೇಳಿ. “ಆ ಯಜಮಾನ್ರ ಪ್ಲೇಟು ಬಾಳ ಬತ್ತವೆ ನಮ್ತಾವ. ಒಂದರಾಗೂ ಗೀರಿರಲ್ಲ. ತಗೊಳ್ಳೋದೇ ವಿನಾ ಕೇಳಾಕಿಲ್ಲ ಅವ್ರು.”

ರಾಯರು ಮರುಮಾತಿಲ್ಲದೆ ಹಣವೆಣಿಸಿದರು. ತಟ್ಟೆ ಈಗ ಮನೆಯಲ್ಲಿದೆ. ಕೃತಿಯ ಉತ್ತರಾರ್ಧ ಕೊಂಚ ದುರ್ಬಲವೆಂದು ಮೊನ್ನೆ ಅಪ್ಪಣೆಯಾಯಿತು.